ಗುರುತು ಬೀಳದ ಬ್ಯಾಟು

ನಮ್ಮ ಮನೆಯ ಮುಂಬಾಗಿಲು ಒಣಗಿ ಬಿರುಕು ಬಿಟ್ಟಿತ್ತು. ಹೋದ ವಾರ ಬಡಗಿಯನ್ನು ಕರೆಸಿದೆ. ಇಲ್ಲಿ, ನೈರೋಬಿಯಲ್ಲಿ, ಅವನನ್ನು ಫುಂಡಿ ಅನ್ನುತ್ತಾರೆ. ಬಿರುಕು ತುಂಬಿಸಿ, ಉಜ್ಜಿ ನಯಮಾಡಿದ ಮೇಲೆ ಅವನು ಒಂದು ಡಬ್ಬಿಯ ಮುಚ್ಚಳ ತೆಗೆದು, ಹಳೇ ಬನಿಯನ್ನಿನ ಚೂರು ಅದ್ದಿ ಬಾಗಿಲಿಗೆ ತಿಕ್ಕತೊಡಗಿದ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ವಾಸನೆ ಅಲ್ಲಿಗೇ ಬಂತು. ಅಗಸೆ ಎಣ್ಣೆಯ ವಾಸನೆ. ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

ನನ್ನ ತಮ್ಮ ಬ್ಯಾಟಿಗೆ ಹಚ್ಚುತ್ತಿದ್ದದ್ದು ಇದೇ ಎಣ್ಣೆ. ಆಗ ನಾವು ಇದೇ ಪಂಗಾನಿ ಬಡಾವಣೆಯಲ್ಲಿ, ಹಿಂದಿನ ಬೀದಿಯ ಕೆಳಮನೆಯಲ್ಲಿ ಎರಡು ಕೋಣೆಯಲ್ಲಿದ್ದೆವು. ಸಂಜೆ ಕೆಲಸದಿಂದ ಬಂದವನು ನನ್ನ ಒಗ್ಗರಣೆ ಬಟ್ಟಲಿಗೇ ಎಣ್ಣೆ ಸುರಿದುಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದ.

"ನಾಳೆ ಅದ್ರಲ್ಲೇ ನಿಮ್ಮ ಭಾವಂಗೆ ಸಾರಿಗೆ ಒಗ್ಗರಣೆ ಹಾಕ್ಬೇಕು ಕಣೋ," ಎಂದು ನಾನು ಬೈದರೆ, "ಹಾಕಕ್ಕಾ, ಭಾವನೂ ಬಿರುಕು ಬಿಡದೆ ಬಾಳಿಕೆ ಬರ್ತಾರೆ," ಅನ್ನುತ್ತಿದ್ದ. ಒಳಗೆ ಪೇಪರ್ ಹಿಡಿದು ಕೂತ ನಮ್ಮ ಯಜಮಾನರು ಕೆಮ್ಮಿ ನಗುತ್ತಿದ್ದರು.

ನಾನು ಓದಿದ್ದು ಏಳನೇ ಕ್ಲಾಸು. ಅಮ್ಮ ಹೋದಾಗ ತಮ್ಮ ಇನ್ನೂ ಚಿಕ್ಕವನು, ಶಾಲೆ ಬಿಟ್ಟು ಅವನನ್ನು ನೋಡಿಕೊಂಡೆ. ಅರಸೀಕೆರೆಯಲ್ಲಿ ರೈಲ್ವೆಯವರ ಮೈದಾನದ ಬೇಲಿ ದಾಟಿ ಅವನು ಆಟ ಕಲಿತ. ಮದುವೆಯಾಗಿ ನಾನು ನೈರೋಬಿಗೆ ಬಂದೆ. ಯಜಮಾನರಿಗೆ ಇಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ. ನಾಲ್ಕಾರು ವರ್ಷದ ಮೇಲೆ ತಮ್ಮನನ್ನೂ ಕರೆಸಿಕೊಂಡು, ವಾಹನದ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಸೇರಿಸಿದೆವು. ಬಂದ ಮೊದಲ ಭಾನುವಾರವೇ ಅವನು ಒಂದು ಟೀಮು ಹುಡುಕಿಕೊಂಡ.

ಅದು ಬಡ ಟೀಮು. ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರು ಅದರ ನಾಯಕರು. ಮಿಕ್ಕವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಇಬ್ಬರು ಔಷಧಿ ಕಂಪನಿಯವರು, ಜೋರಾಗಿ ಬಾಲ್ ಹಾಕುವವನು ಬ್ರೆಡ್ಡು ಸುಡುವ ಭಟ್ಟಿಯಲ್ಲಿ ದುಡಿಯುವ ಇಲ್ಲಿನವನೇ. ಶಾಲೆಯ ಮೈದಾನದಲ್ಲಿ ನಾರಿನ ಚಾಪೆ ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುತ್ತಿದ್ದರು. ಯಾರಿಗೂ ಒಂದು ಶಿಲಿಂಗಿನ ಸಂಬಳವಿಲ್ಲ. ಅವರಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಪಂದ್ಯಕ್ಕೂ ಸರದಿಯಂತೆ ಒಬ್ಬರ ಮನೆಯಿಂದ ಊಟ ಬರಬೇಕು. ಯಾರ ಮನೆಯ ಊಟವೋ ಆ ಮನೆಯವನೇ ಅವತ್ತು ಮೊದಲು ಬ್ಯಾಟು ಹಿಡಿದು ಇಳಿಯಬೇಕು. ಹಲ್ಲಿನ ಡಾಕ್ಟರ ಸರದಿ ಬಂದರೆ ಮೊದಲ ಬಾಲಿಗೇ ಒಂದು ವಿಕೆಟ್ ಹೋಯಿತೆಂದೇ ಲೆಕ್ಕ. ಆದರೆ ಅವರ ಹೆಂಡತಿ ಕಳಿಸುವ ಮೀನುಸಾರು ಅಂಥದ್ದು, ಯಾರೂ ತಕರಾರು ಮಾಡುತ್ತಿರಲಿಲ್ಲ. ನಮ್ಮ ಮನೆಯ ಸರದಿಗೆ ನಾನು ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತು ಮಾಡಿ, ಟವಲಿನಲ್ಲಿ ಕಟ್ಟಿ ತಮ್ಮನ ಜೊತೆ ಮಟಾಟುವಿನಲ್ಲಿ ಹೋಗುತ್ತಿದ್ದೆ. ಆ ವ್ಯಾನಿನ ಜನರೆಲ್ಲ ವಾಸನೆ ಹಿಡಿದು ತಿರುಗಿ ನೋಡುತ್ತಿದ್ದರು. ಅವತ್ತು ಮೊದಲು ಇಳಿಯುವವನು ನನ್ನ ತಮ್ಮ... ಅವನ ನಡಿಗೆಯೇ ಬೇರೆಯಾಗಿರುತ್ತಿತ್ತು.

ಅದೇ ಲೀಗಿನಲ್ಲಿ ಒಂದು ಸಾಹುಕಾರ ಟೀಮೂ ಇತ್ತು. ಅದರ ಯಜಮಾನನಿಗೆ ಕಾರ್ಖಾನೆಗಳು, ಅಪ್ಪರ್ ಹಿಲ್‌ನಲ್ಲಿ ಗಾಜಿನ ಆಫೀಸು. ಆಟಗಾರರ ಹೆಸರೆಲ್ಲ ಆ ಆಫೀಸಿನ ಸಂಬಳದ ಪಟ್ಟಿಯಲ್ಲಿ. ಹೆಸರಿಗೆ ಒಂದೊಂದು ಹುದ್ದೆ, ಮಾಡುವ ಕೆಲಸ ಆಟ ಮಾತ್ರ. ಹೊರದೇಶದಿಂದ ಕರೆಸಿದ ಇಬ್ಬರಿಗೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮನೆ, ಓಡಾಡಲು ಕಾರು. "ಅವರಲ್ಲಿ ಒಬ್ಬನ ತಿಂಗಳ ಸಂಬಳ ಸಿಕ್ಕಿದ್ರೆ ನಮ್ಮ ಟೀಮು ವರ್ಷವೆಲ್ಲ ನಡೆಯುತ್ತೆ, ಹೊಸ ಚಾಪೇನೂ ಬರುತ್ತೆ," ಎಂದು ಮೇಷ್ಟ್ರು ನಗುತ್ತಿದ್ದರು. ಯಾವ ಟೀಮು ಎಷ್ಟು ಖರ್ಚು ಮಾಡಬಹುದೆಂದು ಯಾರೂ ಗೆರೆ ಎಳೆದಿರಲಿಲ್ಲ. ಮೈದಾನಕ್ಕೆ ಇಳಿದರೆ ಎರಡೂ ಕಡೆ ಹನ್ನೊಂದೇ ಜನ, ನ್ಯಾಯ ಅಷ್ಟಕ್ಕೇ ಮುಗಿಯಿತು.

ಆದರೂ ಒಂದು ಭಾನುವಾರ ನಮ್ಮವರು ಅವರನ್ನು ಸೋಲಿಸಿಬಿಟ್ಟರು. ಅವತ್ತು ನಮ್ಮ ಮನೆಯ ಊಟ. ಮೊದಲು ಇಳಿದ ತಮ್ಮ ಕೊನೆಯವರೆಗೂ ಔಟಾಗಲಿಲ್ಲ. ಆ ಚಾಪೆಯ ಮೇಲೆ ಬಾಲು ಹೇಗೆ ಎದ್ದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಸಂಬಳದವರಿಗೆ ಗೊತ್ತಿರಲಿಲ್ಲ.

ಆ ವಾರವೇ ಸಾಹುಕಾರ ಟೀಮಿನ ಮ್ಯಾನೇಜರ್ ನಮ್ಮ ಮನೆಗೆ ಬಂದ. ಬೆಂಗಳೂರಿನವನು, ನಯವಾದ ಮಾತು. ತಮ್ಮನನ್ನು ತೆಗೆದುಕೊಳ್ಳುತ್ತೇವೆ, ಆಫೀಸಿನಲ್ಲಿ ಸ್ಟೋರ್ಸ್ ಅಸಿಸ್ಟೆಂಟ್ ಎಂದು ಹೆಸರು, ಎರಡು ಸೀಸನ್ನಿನ ಕರಾರು, ಬೇಕಿದ್ದರೆ ಒಂದು ಮುಗಿದ ಮೇಲೆ ಬಿಡಬಹುದು, ಅಲ್ಲಿರುವಷ್ಟು ದಿನ ಬೇರೆ ಯಾರ ಪರವಾಗಿಯೂ ಆಡಕೂಡದು ಎಂದ. ಹೇಳಿದ ಸಂಬಳ ನಮ್ಮ ಯಜಮಾನರ ಸಂಬಳಕ್ಕಿಂತ ಹೆಚ್ಚು.

ತಮ್ಮ ನೆಲ ನೋಡುತ್ತ ಕೂತಿದ್ದ. "ಬೇಡ ಸಾರ್, ನನಗೆ ಇಲ್ಲೇ ಸರಿಯಾಗಿದೆ," ಅಂದ.

ಮ್ಯಾನೇಜರ್ ಹೊರಟಾಗ ನಾನು ಗೇಟಿನ ತನಕ ಹೋಗಿ, "ನಾನು ಒಪ್ಪಿಸ್ತೀನಿ, ಬೇರೆಯವರನ್ನ ನೋಡ್ಬೇಡಿ," ಎಂದೆ.

ನಮಗೆ ಅನ್ನಕ್ಕೆ ಕೊರತೆ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ನನಗೆ ಮೇಲಿನ ಮಹಡಿಯ ಮನೆ ಬೇಕಿತ್ತು, ಬಾಲ್ಕನಿ ಬೇಕಿತ್ತು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಡಾಕ್ಟರ ಹೆಂಡತಿಯರ ನಡುವೆ ಕೂತು, ನನ್ನ ತಮ್ಮನಿಗೆ ಆಡುವುದಕ್ಕೇ ಸಂಬಳ ಕೊಡುತ್ತಾರೆ ಎಂದು ಹೇಳಬೇಕಿತ್ತು. ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ನಾಲ್ಕನೆಯ ದಿನ ಆಡಬಾರದ ಮಾತು ಆಡಿದೆ. "ನಿನಗೋಸ್ಕರ ಶಾಲೆ ಬಿಟ್ಟೆ, ನನಗೋಸ್ಕರ ನೀನೊಂದು ಟೀಮು ಬಿಡಲಾರೆಯಾ?" ಎಂದೆ. ಅವನು ತಟ್ಟೆ ತೊಳೆದಿಟ್ಟು, "ಆಯ್ತಕ್ಕಾ," ಅಂದ. ಅಷ್ಟೇ.

ಮೊದಲ ಸಂಬಳದಲ್ಲಿ ಅವನು ಒಂದು ಹೊಸ ಬ್ಯಾಟು ತಂದ. ಅಭ್ಯಾಸಕ್ಕೆ ಹಳೆಯದೇ. ಹೊಸದು ಪಂದ್ಯಕ್ಕೆ ಎಂದು ತೆಗೆದಿಟ್ಟು, ಸಂಜೆ ಸಂಜೆ ಎಣ್ಣೆ ಹಚ್ಚಿ ಪಳಗಿಸಿದ. ಮುಂದಿನ ಸಂಬಳಗಳಲ್ಲಿ ನಾವು ಈಗಿನ ಈ ಮನೆಗೆ ಬಂದೆವು, ಬಾಲ್ಕನಿ ಇರುವ ಮನೆಗೆ.

ಪ್ರತಿ ಶನಿವಾರ, "ಈ ವಾರ ಆಡಿಸ್ತಾರೆ ಅನ್ಸುತ್ತೆ," ಅನ್ನುತ್ತಿದ್ದ. ಭಾನುವಾರ ಸಂಜೆ ಬಂದು, ಹೊಟ್ಟೆ ಹಸಿದವನಂತೆ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಅಲ್ಲಿ ಹೋಟೆಲಿನ ಊಟ ಬರುವುದಿಲ್ಲವೇನೋ ಎಂದು ಕೇಳಿದೆ. ಬರುತ್ತೆ, ಎಲ್ಲರಿಗೂ ಕೊಡುತ್ತಾರೆ ಎಂದ. ಅನ್ನ ಕಲಸಿಕೊಳ್ಳುತ್ತ ಹೇಳಿದ: "ಆಡ್ದೆ ಹೆಂಗಕ್ಕಾ ಉಣ್ಣೋದು?"

ಒಂದು ಭಾನುವಾರ ಹೇಳದೆ ಕೇಳದೆ ಅವರ ಮೈದಾನಕ್ಕೆ ಹೋದೆ. ಹಸಿರು ಹುಲ್ಲು, ಬಿಳಿ ಡೇರೆ. ಡೇರೆಯೊಳಗೆ ಇಸ್ತ್ರಿ ಮಾಡಿದ ಬಿಳೀ ಬಟ್ಟೆಯಲ್ಲಿ ಕೂತಿದ್ದ ತಮ್ಮ, ತೊಡೆಯ ಮೇಲೆ ಆ ಹೊಸ ಬ್ಯಾಟು. ಆಟ ನಿಂತಾಗ ಬ್ಯಾಟನ್ನು ಕುರ್ಚಿಗೆ ಒರಗಿಸಿ, ನೀರಿನ ಬಾಟಲಿಗಳನ್ನು ಎತ್ತಿಕೊಂಡು ಮೈದಾನದೊಳಗೆ ಓಡಿದ. ನನ್ನನ್ನು ನೋಡಲಿಲ್ಲ. ಕಾರುಗಳ ಹತ್ತಿರ ಮ್ಯಾನೇಜರ್ ಸಿಕ್ಕ. ಯಾಕೆ ಆಡಿಸುವುದಿಲ್ಲ ಎಂದು ಕೇಳಿದೆ. ಅವನು ಮುಚ್ಚಿಡಲೂ ಇಲ್ಲ.

"ಅವ್ನು ಇಲ್ಲಿ ಆಡ್ಲಿ ಅಂತ ತಗೊಂಡಿದ್ದಲ್ಲ ಮೇಡಂ," ಎಂದು ನಕ್ಕ. "ಅಲ್ಲಿ ಆಡ್ದೆ ಇರ್ಲಿ ಅಂತ. ನಮ್ಮ ಓನರ್‌ಗೆ ಇದೇನು ದೊಡ್ಡ ಖರ್ಚಾ? ನಿಮಗೆ ಸಂಬಳ ಸರಿಯಾಗಿ ಬರ್ತಿದೆ ತಾನೆ?"

ಬರ್ತಿದೆ ಎಂದೆ. ಮಟಾಟು ಹತ್ತಿ ಮನೆಗೆ ಬಂದೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಶನಿವಾರ ಅವನು, "ಈ ವಾರ ಆಡಿಸ್ತಾರೇನೋ," ಎಂದಾಗ ದೋಸೆ ಮಗುಚಿ ಹಾಕುತ್ತ, "ಆಡಿಸ್ತಾರೆ ಬಿಡು," ಎಂದೆ. ಅದರ ಮುಂದಿನ ಶನಿವಾರವೂ. ಸೀಸನ್ ಮುಗಿದು, ಬಿಟ್ಟುಬಿಡುತ್ತೇನೆ, ಮೇಷ್ಟ್ರು ಕರೆಯುತ್ತಿದ್ದಾರೆ ಎಂದು ಅವನು ಬಂದಾಗಲೂ, ಇನ್ನೊಂದು ವರ್ಷ ನೋಡು, ಈ ಸಲ ಖಂಡಿತ ಆಡಿಸುತ್ತಾರೆ ಎಂದೆ. ಈ ಮನೆಯ ಬಾಡಿಗೆ ನನ್ನ ತಲೆಯಲ್ಲಿತ್ತು. ಅವನು ನಂಬಿದ. ಅಕ್ಕನ ಮಾತಲ್ಲವೇ.

ಎರಡನೆಯ ವರ್ಷದ ಕೊನೆಯ ಪಂದ್ಯ ಹಳೇ ಟೀಮಿನ ಜೊತೆ, ಅವರ ಚಾಪೆಯ ಮೇಲೆಯೇ. ಆ ವರ್ಷ ಅವರು ಸೋತೂ ಸೋತೂ ತಳ ಕಂಡಿದ್ದರು. ಈ ಪಂದ್ಯವನ್ನೂ ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು, ಕೆಳಗಿಳಿದವರಿಗೆ ಶಾಲೆಯವರು ಮೈದಾನ ಕೊಡುವುದಿಲ್ಲ. ನಾನೂ ಹೋಗಿದ್ದೆ. ತಮ್ಮ ನೀರು ಹಿಡಿದು ಒಳಗೆ ಹೋದಾಗ ಮೇಷ್ಟ್ರು ಎಲ್ಲರಿಗೂ ಕೇಳುವಂತೆ, "ಬನ್ನಿ ಸಾಹುಕಾರ್ರೇ! ನೀರು ಹೊರೋದಕ್ಕೂ ಸಂಬಳವಂತೆ, ನಮ್ಮನ್ನೂ ಸೇರಿಸ್ಕೊಳ್ಳೀಪ್ಪಾ," ಎಂದು ತಮಾಷೆ ಮಾಡಿದರು. ತಮ್ಮನೂ ನಕ್ಕ. ಬ್ರೆಡ್ಡಿನ ಭಟ್ಟಿಯವನು ಅವನ ಹೆಗಲ ಮೇಲೆ ಕೈಯಿಟ್ಟು ಬಾಟಲಿ ತೆಗೆದುಕೊಂಡ.

ಮಧ್ಯಾಹ್ನ ಮೇಷ್ಟ್ರ ಹೆಂಡತಿ ತಂದ ಚಿತ್ರಾನ್ನವನ್ನು ಮರದಡಿ ಬಡಿಸಿದರು. ತಮ್ಮನನ್ನೂ ಕರೆದು ತಟ್ಟೆ ಕೊಟ್ಟರು. ಅವನು ತಟ್ಟೆ ಹಿಡಿದುಕೊಂಡು ಎಲ್ಲರೂ ಉಂಡು ಮುಗಿಸುವ ತನಕ ಅವರ ಮಧ್ಯೆ ಕೂತಿದ್ದ. ಆಮೇಲೆ ತುಂಬಿದ ತಟ್ಟೆಯನ್ನು ಹಾಗೇ ಅವರ ಕೈಗೆ ಕೊಟ್ಟು ಎದ್ದುಬಂದ.

ಹಳೇ ಟೀಮು ಸೋತಿತು. ಮಳೆಗಾಲ ಕಳೆಯುವಷ್ಟರಲ್ಲಿ ಮೈದಾನ ಹೋಯಿತು, ಚಾಪೆಯನ್ನು ಯಾರೋ ಸುತ್ತಿಕೊಂಡು ಹೋದರು. ಮೇಷ್ಟ್ರು ಬೇರೆ ಊರಿನ ಶಾಲೆಗೆ ಹೊರಟರು. ಹೆದರಿಸುವ ಟೀಮೇ ಇಲ್ಲವಾದ ಮೇಲೆ ಹೆದರಿ ಕಟ್ಟಿಹಾಕಿಕೊಂಡಿದ್ದ ಆಟಗಾರ ಯಾರಿಗೆ ಬೇಕು? ಕರಾರು ಮುಗಿಯಿತು, ಮುಂದುವರಿಸುವುದಿಲ್ಲ ಎಂದು ಅಪ್ಪರ್ ಹಿಲ್‌ನಿಂದ ಫೋನು ಬಂತು.

ಅವತ್ತು ತಮ್ಮ ಬಾಲ್ಕನಿಯಲ್ಲಿ ನಿಂತಿದ್ದ. ನಾನು ಕಾಫಿ ಕೊಟ್ಟೆ. ಲೋಟ ತೆಗೆದುಕೊಳ್ಳದೆ ಕೇಳಿದ.

"ಮ್ಯಾನೇಜರ್ ಈಗ ಹೇಳ್ದ, ನನ್ನ ಯಾಕೆ ತಗೊಂಡ್ರು ಅಂತ. ನಿನಗೆ ಗೊತ್ತಿತ್ತಾ ಅಕ್ಕಾ?"

"ಇಲ್ಲಪ್ಪಾ," ಎಂದೆ. "ನನಗೆಲ್ಲಿ ಗೊತ್ತಾಗುತ್ತೆ, ಓದದೋಳು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಲೋಟ ತೆಗೆದುಕೊಂಡ...

ಪಶ್ಚಿಮದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬಟ್ಟೆ ತುಂಬಿಕೊಂಡ, ಹಳೇ ಬ್ಯಾಟನ್ನು ಬ್ರೆಡ್ಡಿನ ಭಟ್ಟಿಯವನಿಗೆ ಕೊಟ್ಟ, ಹೊಸದನ್ನು ಇಲ್ಲೇ ಬಿಟ್ಟ. ಭಾನುವಾರಗಳಲ್ಲಿ ಫೋನು ಮಾಡುತ್ತಿದ್ದ. ಊಟ ಆಯ್ತಾ, ಭಾವ ಹೇಗಿದಾರೆ, ಪಾಪು ಓದ್ತಾಳಾ. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವನೇ, "ಇಡ್ತೀನಕ್ಕಾ," ಎಂದು ಇಟ್ಟುಬಿಡುತ್ತಿದ್ದ. ಒಂದು ಮಳೆಗಾಲದಲ್ಲಿ ಜ್ವರ ಎಂದು ಮಲಗಿದ. ನಾವು ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಅವನಿಗೆ ಮದುವೆ ವಯಸ್ಸು.

ಈಗ ಯಜಮಾನರು ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಅವನು ಪಾಪು ಅನ್ನುತ್ತಿದ್ದ ಮಗಳು ಮೊಂಬಾಸಾದಲ್ಲಿದ್ದಾಳೆ. ಫೋನಿನಲ್ಲಿ ನನ್ನ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾಳೆ. ಮಾಮ ಎಂದರೆ ಅವಳಿಗೆ ಗೋಡೆಯ ಮೇಲಿನ ಪಟ. ಈ ಮಾತನ್ನು ಅವಳಿಗೆ ಹೇಳಲು ನನಗೆ ಯಾವ ಭಾಷೆಯೂ ಸಾಲದು.

ಬಡಗಿ ಕೆಲಸ ಮುಗಿಸಿ, ಡಬ್ಬಿಯಲ್ಲಿ ಎಣ್ಣೆ ಉಳಿದಿದೆ, ಬೇರೆ ಯಾವುದಾದರೂ ಮರದ ಸಾಮಾನಿದೆಯೇ ಎಂದು ಕೇಳಿದ. ನಾನು ಒಳಗೆ ಹೋಗಿ ಬೀರುವಿನ ಹಿಂದಿನಿಂದ ಬ್ಯಾಟು ತಂದೆ. ಸುತ್ತಿದ ಬಟ್ಟೆ ಬಿಚ್ಚಿದಾಗ ಮರ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಕೂದಲೆಳೆಯ ಬಿರುಕು. ಬಡಗಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದ. ಒಣಗಿದ ಮರ ಹಚ್ಚಿದಷ್ಟನ್ನೂ ಕುಡಿಯಿತು. ಕುಡಿದು ಕುಡಿದು ಅದರ ಹಳೇ ಬಣ್ಣ ಮೇಲೆ ಬಂತು. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಎಲ್ಲಿಯೂ ಬಾಲಿನ ಕೆಂಪು ಗುರುತಿಲ್ಲ.

ಹೊಸದಾ ಮಾಮಾ, ಯಾರೂ ಆಡಿಲ್ಲವಾ ಎಂದು ಸ್ವಾಹಿಲಿಯಲ್ಲಿ ಕೇಳಿದ. ಇಲ್ಲಿ ಅಮ್ಮಂದಿರನ್ನು ಮಾಮಾ ಎಂದೇ ಕರೆಯುವುದು.

ನನ್ನ ಸ್ವಾಹಿಲಿ ತರಕಾರಿ ಕೊಳ್ಳುವಷ್ಟರದ್ದು. ಕನ್ನಡದಲ್ಲೇ ಬಾಯಿಗೆ ಬಂತು. "ನನ್ನ ತಮ್ಮಂದು. ಅವನನ್ನ ಆಡಿಸಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳ್ಲಿಲ್ಲ."

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ಮುಖ ನೋಡಿ, ತಲೆಯಾಡಿಸಿ, "ಸವಾ, ಮಾಮಾ," ಎಂದ. ಆಗಲಿ, ಪರವಾಗಿಲ್ಲ ಎಂದು. ಕೂಲಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದ.

ಬಾಗಿಲು ಹಸಿಯಾಗಿತ್ತು, ಮುಚ್ಚುವಂತಿರಲಿಲ್ಲ. ಸಂಜೆಯ ತನಕ ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದೆ.