ಗೋಡೆಗೇರದ ಫೋಟೋ

ಹೂಸ್ಟನ್ನಿನ ಆ ಫುಟ್‌ಪಾತಿನಲ್ಲಿ ಹೆಂಗಸರು ಫೋಟೋಗಳನ್ನು ಕೊರಳಿಗೆ ಕಟ್ಟಿಕೊಂಡು, ನಗುತ್ತಾ ತಿಂಡಿ ಹಂಚುತ್ತಿದ್ದರು. ನಮ್ಮ ಗದಗಿನಲ್ಲಿ ಫೋಟೋದ ಕೊರಳಿಗೆ ಹಾರ ಬೀಳುತ್ತದೆ. ಮನುಷ್ಯರ ಕೊರಳಿಗೆ ಫೋಟೋ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ನನ್ನನ್ನು ಕರೆದೊಯ್ದವಳು ಮಾರ್ತಾ, ಸ್ಟಾಫರ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯವಳು. ಎಲ್ ಸಾಲ್ವಡೋರ್ ಅವಳ ದೇಶ. ಅಲ್ಲಿನ ಅಂತರ್ಯುದ್ಧದಲ್ಲಿ ಅವಳ ತಮ್ಮನನ್ನು ಮನೆಯಿಂದ ಎಳೆದೊಯ್ದರು. ಎಲ್ಲಿಗೆ ಎಂದು ಇಂದಿಗೂ ಯಾರೂ ಹೇಳಿಲ್ಲ. ವರ್ಷಕ್ಕೊಮ್ಮೆ ಇಂಥ ಮನೆಗಳವರು ಇಲ್ಲಿ, ತಮ್ಮ ದೇಶದ ಕಾನ್ಸುಲೇಟಿನ ಎದುರು, ಸೇರಿ ಅದನ್ನೇ ಕೇಳುತ್ತಾರೆ.

ಬರಿಗೈಯಲ್ಲಿ ಹೋಗಬಾರದೆಂದು ಇಂಡಿಯನ್ ಅಂಗಡಿಯಿಂದ ಗಂಧದ ಹಾರ ಒಯ್ದಿದ್ದೆ.

“ಇದು ಯಾರಿಗೆ?” ಎಂದಳು ಮಾರ್ತಾ. ನಮ್ಮಿಬ್ಬರದೂ ಹರಕು ಇಂಗ್ಲಿಷ್.

“ನಿಮ್ಮ ತಮ್ಮನಿಗೆ. ನಮ್ಮಲ್ಲಿ ಸತ್ತವರ ಫೋಟೋಕ್ಕೆ ಹಾಕ್ತೀವಿ.”

“ಸತ್ತ ಅಂತ ನಿನಗ್ಯಾರು ಹೇಳಿದ್ರು? ನನಗೇ ಇನ್ನೂ ಹೇಳಿಲ್ಲವಲ್ಲ!”

ನಾಚಿ ಕೈ ಹಿಂದೆಗೆದೆ. ಅವಳೇ ಹಾರ ಕಸಿದು ತನ್ನ ಕೊರಳಿಗೆ ಹಾಕಿಕೊಂಡಳು. “ಈ ಮುದುಕಿಗೆ ಸರಿಹೋಯ್ತು ನೋಡು,” ಎಂದು ನಕ್ಕು, ನನ್ನ ಕೈಗೊಂದು ಪುಪೂಸಾ ಇಟ್ಟಳು. ನಮ್ಮ ರೊಟ್ಟಿಯೊಳಗೆ ಬೇಯಿಸಿದ ಕಾಳು ತುಂಬಿದಂತಿರುತ್ತದೆ.

ಗದಗಿನಲ್ಲಿ ಅಂಥದೇ ಒಂದು ಹಾರ ನನ್ನ ಒಪ್ಪಿಗೆಗೆ ಕಾದಿತ್ತು. ಅಣ್ಣ ಬಸವರಾಜ ವೆಲ್ಡರ್ ಆಗಿ ಲಿಬಿಯಾಕ್ಕೆ ಹೋಗಿದ್ದ. ಅಲ್ಲಿ ಯುದ್ಧ ಹತ್ತಿಕೊಂಡಾಗ ಬಂದೂಕಿನವರು ಅವನನ್ನು ಕೆಲಸದ ವ್ಯಾನಿನಿಂದ ಇಳಿಸಿಕೊಂಡು ಹೋದರು. ವರ್ಷಗಳಾದರೂ ಅಷ್ಟೇ ಗೊತ್ತು. ಹಿಂದಿನ ದಿನವಷ್ಟೇ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನ್ ಮಾಡಿದ್ದರು: “ಮಹಾಲಯ ಅಮಾಸಿಗೆ ಹಿರೇರ ಜೋಡಿ ಇವರಿಗೂ ಎಡಿ ಇಡೂಣಂತಾರ ನಿಮ್ಮ ಕಾಕಾ. ಹಾರಾನೂ ತಂದಾರ. ನೀ ಹ್ಞೂಂ ಅಂದ್ರ ನಾನೂ ಹ್ಞೂಂ.”

ದೂರವಿದ್ದವಳು ಏನು ಹೇಳಲಿ? ಕುಂಕುಮ ಅಳಿಸಬೇಕಾದವರು ಅವರು. ಆದರೆ ಎಡೆ ಇಟ್ಟರೆ ಅವನು ಸತ್ತನೆಂದು ನಾವೇ ಒಪ್ಪಿದಂತೆ. ಆಮೇಲೆ ಯಾರನ್ನು ಏನೆಂದು ಕೇಳುವುದು?

ಮರುದಿನ ಫೋನ್ ಮಾಡಿದೆ. “ಎಡಿ ಬ್ಯಾಡ್ರಿ ವೈನಿ. ಅಣ್ಣನ ಫೋಟೋ ಕಳಸ್ರಿ. ನಾ ಇಲ್ಲಿ ಹಾಕ್ಕೊಂಡು ನಿಂದರ್ತೀನಿ.”

ಅತ್ತ ವೈನಿ ಟ್ರಂಕು ತೆರೆದ ಸದ್ದು ಕೇಳಿತು.

“ಇರೂದು ಮದುವಿ ಫೋಟೋ ಒಂದ. ನನ್ನ ಕತ್ತರಿಸಿ ತಗೀಬ್ಯಾಡ ಮತ್ತ.”

ಮುಂದಿನ ವರ್ಷ ನಾನೂ ನಿಂತೆ. ಕೊರಳಲ್ಲಿ ಅಣ್ಣ, ವೈನಿ ಇಬ್ಬರೂ. ಇಲ್ಲಿ ಒಂದೊಂದೇ ಹೆಸರು ಕೂಗುತ್ತಾರೆ. ನೆರೆದವರೆಲ್ಲ ‘ಪ್ರೆಸೆಂತೆ’ ಎನ್ನುತ್ತಾರೆ, ಹಾಜರಿದ್ದಾನೆ ಎಂದರ್ಥ. ಕೊನೆಗೆ ಮಾರ್ತಾ ತಿಣುಕುತ್ತಾ ಕೂಗಿದಳು: “ಬಸಬರಾಹ್!” ಗದಗ ಎಲ್ಲಿದೆಯೆಂದೇ ತಿಳಿಯದ ಜನ ಅವನಿಗಾಗಿ ಗಟ್ಟಿಯಾಗಿ ‘ಪ್ರೆಸೆಂತೆ’ ಎಂದರು. ನಮ್ಮ ಓಣಿಯಲ್ಲಿ ಈಗ ಯಾರೂ ಅವನ ಹೆಸರೆತ್ತುವುದಿಲ್ಲ.

ಆ ಪದ ನನ್ನ ಬಾಯಿಗೆ ಬರಲಿಲ್ಲ. ಎಲ್ಲರೂ ಸುಮ್ಮನಾದ ಮೇಲೆ, ಊರಿನ ಮನೆಯಲ್ಲಿ ಯಾರಾದರೂ ಅವನನ್ನು ಕೇಳಿಕೊಂಡು ಬಂದಾಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಹಾಗೆ, ನಾನೊಬ್ಬಳೇ “ಅದಾನ್ರಿ” ಎಂದೆ.