ಶಾಂತಿ ಕದಡಲು ಇನ್ನಿಬ್ಬರು ಬೇಕಾಗಿದ್ದಾರೆ

ನನ್ನ ಚಿಕ್ಕಪ್ಪನಿಂದ ಊರಿನ ಶಾಂತಿಗೆ ಅಪಾಯವಿದೆಯಂತೆ. ನಾನು ಹೇಳುತ್ತಿಲ್ಲ, ನೋಟಿಸ್ ಹೇಳುತ್ತಿದೆ.

ಚಿಕ್ಕಪ್ಪನಿಗೆ ಎಪ್ಪತ್ತೆರಡು. ನೋಟಿಸ್ ಬಂದಾಗ ಎಡಗಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿ ಮೇಲೆ ಕೂತಿರುತ್ತಿದ್ದರು. ಊರಿನ ಹೆಸರು ಬೇಡ (ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವಾಗ ಒಂದು ಕಡೆ ಎಡಕ್ಕೆ ತಿರುಗಬೇಕು, ಅಷ್ಟು ಸಾಕು).

ನೋಟಿಸ್‌ನಲ್ಲಿ ಚಿಕ್ಕಪ್ಪ ಒಂದನೇ ಪಾರ್ಟಿ. ಎದುರು ಮನೆಯ ಸಿದ್ದಯ್ಯ ಎರಡನೇ ಪಾರ್ಟಿ. ಪಂಚಾಯಿತಿ ಎಲೆಕ್ಷನ್ ಹೊತ್ತಿಗೆ ಇವರಿಬ್ಬರೂ ಹೊಡೆದಾಡುವ ಸಂಭವವಿದೆ. ಆದ್ದರಿಂದ ತಾಲೂಕು ಕಚೇರಿಗೆ ಬಂದು, ಸುಮ್ಮನಿರುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡಬೇಕು.

ಸಿದ್ದಯ್ಯ ಯಾರು ಗೊತ್ತೇ? ಒಂದನೇ ಕ್ಲಾಸಿನಿಂದ ಚಿಕ್ಕಪ್ಪನ ಜೊತೆಗಾರ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಆಪರೇಷನ್ ಆದ ದಿನದಿಂದ ದಿನಕ್ಕೆ ನಾಲ್ಕು ಸಲ ರಸ್ತೆ ದಾಟಿ ಬಂದು ಚಿಕ್ಕಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದವರು.

ನೋಟಿಸ್ ಬಂದ ಮೇಲೆ ಬರಲಿಲ್ಲ.

ಚಿಕ್ಕಪ್ಪ ನನಗೆ ಮಂಡ್ಯಕ್ಕೆ ಫೋನ್ ಮಾಡಿದರು. “ಅವ್ನೇ ಬರ್ಕೊಟ್ಟವ್ನೆ ಕಣ್ಲಾ. ನನ್ ಹೆಸ್ರು ಸ್ಟೇಷನ್‌ಗೆ ಹೆಂಗೋಯ್ತು?” ಸಿದ್ದಯ್ಯ ತಮ್ಮ ಮನೆಯಲ್ಲಿ ಇದೇ ಮಾತನ್ನು ಚಿಕ್ಕಪ್ಪನ ಮೇಲೆ ಹೇಳುತ್ತಿದ್ದರಂತೆ. ಅರವತ್ತಾರು ವರ್ಷದ ಸ್ನೇಹ ಒಂದು ಹಾಳೆಗೆ ನಿಂತುಹೋಯಿತು. ಹಾಳೆಗೆ ಸೀಲು ಇತ್ತಲ್ಲ, ನಂಬಲೇಬೇಕು.

ಡ್ರಾಪ್ಸ್ ಹಾಕುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು. ಅವರ ಕೈ ನಡುಗುತ್ತದೆ. ಅರ್ಧ ಔಷಧಿ ಕೆನ್ನೆಗೆ. ನಾನು ಊರಿಗೆ ಹೋಗುವ ಹೊತ್ತಿಗೆ ಕಣ್ಣು ಕೆಂಪಾಗಿತ್ತು. “ಸಿದ್ದಣ್ಣನ್ನ ಕರೀಲಾ ಅಂದ್ರೆ ಕುರುಡಾದ್ರೂ ಪರ್ವಾಗಿಲ್ಲ ಅಂತಾರೆ ಕಣಪ್ಪ,” ಎಂದು ಚಿಕ್ಕಮ್ಮ ಅತ್ತರು.

ವಿಚಾರಣೆಯ ದಿನ ನಾನೇ ಚಿಕ್ಕಪ್ಪನನ್ನು ತಾಲೂಕು ಕಚೇರಿಗೆ ಕರೆದುಕೊಂಡು ಹೋದೆ. ಕಾರಿಡಾರಿನಲ್ಲಿ ಒಂದೇ ಬೆಂಚು. ಎರಡೂ ಪಾರ್ಟಿಗಳು ಅದರ ಎರಡು ತುದಿಯಲ್ಲಿ. ನೋಟಿಸ್ ಕೊಟ್ಟಿದ್ದ ಬೀಟ್ ಪೊಲೀಸಿನವರು ಫೈಲು ಹಿಡಿದು ಅಲ್ಲೇ ನಿಂತಿದ್ದರು. (ಅವರ ಹೆಸರೂ ಬೇಡ. ಪಾಪ, ಮೆಮೊ ಬಂದೀತು.)

“ಇವರ ಮೇಲೆ ದೂರು ಕೊಟ್ಟವರು ಯಾರು?” ಎಂದು ಕೇಳಿದೆ.

“ಯಾರೂ ಕೊಟ್ಟಿಲ್ಲ ಸಾರ್.”

“ಮತ್ತೆ?”

“ಎಲೆಕ್ಷನ್ ಬತ್ತಾ ಅದಲ್ಲ, ಊರಿಗೆ ಹತ್ತು ಹೆಸ್ರು ಕೊಡ್ಬೇಕು ಅಂತ ಟಾರ್ಗೆಟ್ಟು. ನಿಮ್ಮೂರಲ್ಲಿ ಗಲಾಟೆ ಮಾಡೋರು ಹುಡುಕುದ್ರೂ ಎಂಟೇ ಜನ. ಇನ್ನಿಬ್ರನ್ನ ಎಲ್ಲಿಂದ ತರ್ಲಿ?”

“ಇವರೇ ಯಾಕೆ?”

“ಇವ್ರಾದ್ರೆ ಕರುದ್ರೆ ಬತ್ತಾರೆ. ಸೈನ್ ಹಾಕಿ ಅಂದ್ರೆ ಹಾಕ್ತಾರೆ. ಎದುರು ಬದುರು ಮನೆ ಬೇರೆ, ನೋಟಿಸ್ ಕೊಡಾಕೆ ಒಂದೇ ಸತಿ ಹೋದ್ರೆ ಸಾಕು.”

ಮರ್ಯಾದಸ್ಥರಾಗಿರುವುದಕ್ಕೆ ಇಂಥದ್ದೊಂದು ಉಪಯೋಗವಿದೆ ಎಂದು ನನಗೆ ಗೊತ್ತಿರಲಿಲ್ಲ.

ಪೊಲೀಸಿನವರ ಮಾತು ಬೆಂಚಿನ ಎರಡೂ ತುದಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಸಿದ್ದಯ್ಯ ಚಿಕ್ಕಪ್ಪನ ಪಕ್ಕಕ್ಕೆ ಸರಿದರು. “ಕನ್ನಡಕ ತಗಿಲಾ.” ತೆಗೆದರು. ಕಣ್ಣು ನೋಡಿ ಸಿದ್ದಯ್ಯನ ಮುಖ ಚಿಕ್ಕದಾಯಿತು. “ಥೂ, ಏನ್ಲಾ ಮಾಡ್ಕೊಂಡಿದ್ದೀಯೆ ಇದ್ನ? ಔಸ್ದಿ ಎಲ್ಲದೆ?” ಚಿಕ್ಕಪ್ಪ ಜೇಬಿನಿಂದ ಬಾಟಲಿ ತೆಗೆದು ಕೊಟ್ಟರು. ಸಿದ್ದಯ್ಯ ಕೈ ತೊಳೆದು ಬಂದು, ಅವರ ತಲೆಯನ್ನು ಗೋಡೆಗೆ ಒರಗಿಸಿ, ರೆಪ್ಪೆ ಎಳೆದು ಹಿಡಿದು ಒಂದು ಹನಿ ಬಿಟ್ಟರು. ಚಿಕ್ಕಪ್ಪನ ಎರಡೂ ಕಣ್ಣಿಂದ ನೀರು ಬಂತು. ಡ್ರಾಪ್ಸ್ ಹಾಕಿದ್ದು ಒಂದಕ್ಕೆ ಮಾತ್ರ.

ಅಷ್ಟರಲ್ಲಿ ತಹಶೀಲ್ದಾರರು ಒಳಗೆ ಹೋಗುತ್ತಾ ಬೆಂಚಿನ ಎದುರು ನಿಂತರು. “ಯಾರಿವರು?”

“ಒಂದನೇ ಪಾರ್ಟಿ, ಎರಡನೇ ಪಾರ್ಟಿ ಸಾರ್,” ಎಂದರು ಪೊಲೀಸಿನವರು.

“ನಿಮ್ಮಿಬ್ಬರಿಗೂ ಏನು ಜಗಳ?”

“ಏನೂ ಇರ್ನಿಲ್ಲ ಬುದ್ಧಿ,” ಎಂದರು ಚಿಕ್ಕಪ್ಪ. “ನೋಟಿಸ್ ಬಂದ್ಮೇಲೆ ಸುರುವಾಯ್ತು.”

ತಹಶೀಲ್ದಾರರು ನಗಲಿಲ್ಲ. ಫೈಲು ತರಿಸಿಕೊಂಡು ಇಬ್ಬರ ಹೆಸರನ್ನೂ ಕೈಬಿಟ್ಟರು.

ನನಗೆ ಪೊಲೀಸಿನವರ ಮೇಲೆ ಕೋಪ ಬರಲಿಲ್ಲ. ಹತ್ತು ಹೆಸರು ಬರೆದರೆ ಕೆಲಸ ಮಾಡಿದ ಲೆಕ್ಕ. ಊರನ್ನು ತಣ್ಣಗಿಟ್ಟರೆ ಅದನ್ನು ಯಾವ ಕಾಲಂನಲ್ಲಿ ತುಂಬುವುದು? ಹೆಲ್ಮೆಟ್ ಕೇಸಿರಲಿ, ಅರೆಸ್ಟ್ ಇರಲಿ, ಇಂತಿಷ್ಟು ಬೇಕೆಂದು ಮೊದಲೇ ಗೊತ್ತುಮಾಡಿದರೆ ತಪ್ಪು ಮಾಡಿದವರು ಸಾಲದೆ ಬಂದಾಗ ಸಿಕ್ಕವರೇ ಗತಿ. ಇಂಥ ಟಾರ್ಗೆಟ್ ಯಾರೂ ಯಾರಿಗೂ ಕೊಡಕೂಡದು ಎಂದು ಒಂದು ಕಾನೂನು ಬಂದರೆ ಮೊದಲು ನಿಟ್ಟುಸಿರು ಬಿಡುವವರು ಪೊಲೀಸಿನವರೇ ಇರಬೇಕು.

ಇದನ್ನೇ ಹೇಳೋಣವೆಂದು ಗೇಟಿನ ಹತ್ತಿರ ಆ ಪೊಲೀಸಿನವರ ಪಕ್ಕ ನಿಂತೆ. ಅವರು ಹೆಸರುಗಳ ಪಟ್ಟಿ ನೋಡುತ್ತಿದ್ದರು. “ಮತ್ತೆ ಎಂಟಕ್ಕೇ ಬಂತಲ್ಲ,” ಎಂದು ಗೊಣಗಿ, ತಲೆಯೆತ್ತಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

“ನಿಮ್ ಓಟು ಇನ್ನೂ ಊರಲ್ಲೇ ಅದಾ ಸಾರ್?”