ಲೋಟ-ಬಟ್ಟಲಿಗೆ ಇಳಿದ ಏಲ್

ಆಪತ್ತಿನ ಕಾಲದಲ್ಲಿ ಮನುಷ್ಯನ ಒಳಗೆ ಅಡಗಿರುವುದು ಹೊರಗೆ ಬರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಲಾಕ್‌ಡೌನಿನಲ್ಲಿ ನನ್ನಿಂದ ಹೊರಗೆ ಬಂದದ್ದು ಹೊಟ್ಟೆಯೊಂದೇ.

ಊರು ಬಿಟ್ಟು ಬಂದ ನಾವು ಪರದೇಶದ ಮಾಂಟ್ ಕಿಯಾರಾದಲ್ಲಿ ಇದ್ದೆವು. ನಮ್ಮ ಬಹುಮಹಡಿ ಕಾಂಡೋದಲ್ಲಿ ಆಗ ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಹಾಗಾಗಿ ಸಮಾಜವೆಂಬುದು ಬಾಲ್ಕನಿಗೆ ಬಂದು ನಿಂತಿತ್ತು. ನಮ್ಮ ನೇರ ಕೆಳಗಿನ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು, ಅಂತರರಾಷ್ಟ್ರೀಯ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಒಂಟಿ ಜೀವ. ನನ್ನ ಹೆಂಡತಿ ಅವರಿಗೆ 'ದೊರೆ' ಎಂದು ಹೆಸರಿಟ್ಟಿದ್ದಳು. ನಾನು ಕಂಬಿಗೆ ಹೊಟ್ಟೆ ಒತ್ತಿ ಬಗ್ಗಿದರೆ ದೊರೆಯ ನೆತ್ತಿ ಕಾಣುತ್ತಿತ್ತು. ಅವರು ಕತ್ತು ಮೇಲೆತ್ತಿದರೆ ನನ್ನ ಗದ್ದ. ಎರಡು ದೇಶಗಳ ಸ್ನೇಹಕ್ಕೆ ಇಷ್ಟು ಸಾಕು.

ಒಂದು ಭಾನುವಾರ ಸಂಜೆ ಅವರು ಕೆಳಗಿನಿಂದ ಕೂಗಿದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ, ನನ್ನ ನೆನಪಿನಲ್ಲಿ ಉಳಿದಿರುವುದು ಕನ್ನಡದಲ್ಲಿ.

"ನನಗೊಂದು ಮೂಗು ಬೇಕಾಗಿದೆ."

ವಿಷಯ ಹೀಗಿತ್ತು. ದೊರೆಯ ಅಣ್ಣ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ಹಳೆಯ ದನದ ಕೊಟ್ಟಿಗೆಯಲ್ಲಿ, ಏಲ್ ತಯಾರಿಸುತ್ತಿದ್ದ. ಏಲ್ ಅಂದರೆ ಬಿಯರಿನ ದಾಯಾದಿ, ವಯಸ್ಸಿನಲ್ಲಿ ಹಿರಿಯ, ಸ್ವಭಾವದಲ್ಲಿ ನಿಧಾನ. ಅಲ್ಲಿ ಪಬ್ಬುಗಳೆಲ್ಲ ಮುಚ್ಚಿದ್ದರಿಂದ ಇನ್ನು ಬಾಟಲಿಯಲ್ಲಿ ತುಂಬಿ ಮನೆಮನೆಗೆ ಕಳಿಸಬೇಕು. ಅಣ್ಣನ ಕೈಯಲ್ಲಿ ನಾಲ್ಕು ಬಗೆಯನ್ನೂ ಸಾಕುವುದು ಆಗದು, ಒಂದನ್ನೇ ಉಳಿಸಿಕೊಳ್ಳಬೇಕು. ಯಾವುದನ್ನು? ದಿನಾ ಕುಡಿದು ಅವನ ನಾಲಿಗೆ ಸೋತಿತ್ತು. ಅವನು ನಂಬಿದ್ದು ತಮ್ಮನ ಮೂಗನ್ನು ಮಾತ್ರ. ಸುಂಕ ಗಿಂಕ ಕಟ್ಟಿ ಹಡಗಿಗೆ ಹಾಕಿದ ಪೆಟ್ಟಿಗೆ ಬಂದು ತಲುಪಿತ್ತು. ಆ ಸಂಜೆಯೇ ಫೋನಿನಲ್ಲಿ ತೀರ್ಪು ಹೇಳಬೇಕು.

ಆದರೆ ದೊರೆಗೆ ಆಗಷ್ಟೇ ಜ್ವರ ಬಂದು ಹೋಗಿತ್ತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು.

"ಅಣ್ಣನಿಗೆ ಹೇಳಿಲ್ಲ," ಎಂದರು. "ಹೇಳಿದರೆ ಅವನು ಕೊಟ್ಟಿಗೆಯನ್ನೇ ಮುಚ್ಚಿಬಿಡುತ್ತಾನೆ. ನೀವು ಕೆಳಗಿನ ಅಂಗಡಿಯಲ್ಲಿ ಚಿಕೋರಿ ಜಾಸ್ತಿ ಅಂತ ಕಾಫಿ ವಾಪಸ್ ಕೊಟ್ಟದ್ದನ್ನ ನೋಡಿದ್ದೇನೆ. ನನಗೆ ಅಂಥವರೇ ಬೇಕು."

ಇಷ್ಟು ಗೌರವವನ್ನು ನನಗೆ ನನ್ನ ಕಂಪನಿಯೂ ಕೊಟ್ಟಿರಲಿಲ್ಲ. ಒಪ್ಪಿಕೊಂಡೆ. ಏಲಿನ ಪೆಟ್ಟಿಗೆ ಲಿಫ್ಟಿನಲ್ಲಿ ಒಂಟಿಯಾಗಿ, ಮಾಸ್ಕಿಲ್ಲದೆ, ಮೇಲೆ ಬಂತು. ಒಂದೊಂದು ಬಗೆಯದು ಎರಡೆರಡು ಬಾಟಲಿ, ಎರಡು ಸಾಲಾಗಿ.

ಮೊದಲ ಸಾಲನ್ನು ನಾನು ನಮ್ಮ ಕಡೆಯ ಪದ್ಧತಿಯಂತೆ ಸೀದಾ ಫ್ರೀಜರಿಗೆ ತುರುಕಿದೆ. ಬೆಂಗಳೂರಿನಲ್ಲಿ ಬಿಯರಿನ ಬಗ್ಗೆ ನಾವು ಕೇಳುವ ಪ್ರಶ್ನೆ ಒಂದೇ: "ಚಿಲ್ಡ್ ಇದೆಯಾ?" ಇದೆ ಎಂದರೆ ಅಲ್ಲಿಗೆ ವಿಮರ್ಶೆ ಮುಗಿಯಿತು. ಬಾಟಲಿಗಳ ಮೈಮೇಲೆ ಮಂಜು ಕೂತ ಮೇಲೆ ನಾಲ್ಕನ್ನೂ ಕ್ರಮವಾಗಿ ರುಚಿ ನೋಡಿ, ಬಾಲ್ಕನಿಗೆ ಬಂದು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ.

"ನಾಲ್ಕೂ ತುಂಬ ತಣ್ಣಗಿವೆ."

ದೊರೆ ಕತ್ತು ಮೇಲೆತ್ತಿದರು.

"ಫ್ರೀಜರಿನಲ್ಲಿ ಇಟ್ಟಿರಾ?" ಎಂದರು, ಯಾರೋ ತೀರಿಕೊಂಡ ಸುದ್ದಿಯನ್ನು ಖಚಿತಪಡಿಸಿಕೊಳ್ಳುವವರ ಹಾಗೆ. "ಅಷ್ಟು ತಣ್ಣಗಾದರೆ ವಾಸನೆ ಸತ್ತೇ ಹೋಗುತ್ತದೆ. ಆಗ ನಿಮಗೂ ನನಗೂ ಏನು ವ್ಯತ್ಯಾಸ?"

ಎರಡನೆಯ ಸಾಲೇ ಕೊನೆಯದು. ಈ ಸಲ ಅವರು ಹೇಳಿದಂತೆ ಬಾಟಲಿಗಳನ್ನು ಎಸಿ ಕೋಣೆಯಲ್ಲಿ ನಿಲ್ಲಿಸಿ, ಮಡಿಯಲ್ಲಿರುವವನ ಗಾಂಭೀರ್ಯದಿಂದ ಬಾಲ್ಕನಿಗೆ ತಂದು, ಹೊಂಬಣ್ಣದ್ದರ ಮುಚ್ಚಳ ತೆಗೆದೆ. ಸಮಭಾಜಕ ವೃತ್ತದ ಬಿಸಿಲಲ್ಲಿ ಹಡಗಿನಲ್ಲಿ ಬೆಂದು ಬಂದ ಏಲಿಗೆ ಹೇಳಿಕೊಳ್ಳುವುದು ಬಹಳ ಇತ್ತು. ನೊರೆ ಚಾವಣಿ ಮುಟ್ಟಿ, ನನ್ನ ಕನ್ನಡಕದ ಮೇಲಿಳಿದು, ಕಂಬಿ ದಾಟಿ ಕೆಳಗೆ ಸುರಿಯಿತು.

"ಮೇಲಿಂದ ಏನೋ ಬಿತ್ತು," ಎಂದರು ದೊರೆ. "ನೀರೋ ಏಲೋ ನೀವೇ ಹೇಳಬೇಕು."

ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ಅಡುಗೆಮನೆಗೆ ಓಡಿ ಕೈಗೆ ಸಿಕ್ಕ ಕಾಫಿಯ ಲೋಟ-ಬಟ್ಟಲು ತಂದೆ.

"ರೀ! ಅದು ನಮ್ಮಮ್ಮ ಕೊಟ್ಟ ಲೋಟ!" ಹೆಂಡತಿ ಹಿಂದೆಯೇ ಬಂದಳು. ಅವಳು ಮದ್ಯದ ಹನಿಯನ್ನೂ ಮುಟ್ಟುವವಳಲ್ಲ. "ನಾಳೆ ಅದರಲ್ಲಿ ನಾನು ಕಾಫಿ ಕುಡೀಬೇಕಾ?"

"ತೊಳೆದು ಕೊಡ್ತೀನಿ ಕಣೇ."

"ಹೂಂ, ತೊಳೀತೀರ. ಮದುವೆ ಆದಾಗಿಂದ ತೊಳೀತಾನೇ ಇದೀರ."

ಲೋಟದ ತುಂಬ ನೊರೆ, ಕುಡಿಯಲು ಏನೂ ಇಲ್ಲ. ಕೈ ಸುಮ್ಮನಿರುತ್ತದೆಯೇ? ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ, ತೋಳು ಚಾಚಿ ಎತ್ತಿ ಎತ್ತಿ ಹುಯ್ದೆ. ಇಲ್ಲಿನ ಮಾಮಕ್ ಅಂಗಡಿಗಳಲ್ಲಿ, ಅಂದರೆ ತಮಿಳು ಮುಸಲ್ಮಾನರ ಹೋಟೆಲುಗಳಲ್ಲಿ, ಚಹಾವನ್ನು ಹೀಗೇ ಎಳೆಯುತ್ತಾರೆ, ನಮ್ಮ ಮನೆಯಲ್ಲಿ ಕಾಫಿಯನ್ನು. ನಾಲ್ಕಾರು ಸಲ ಹುಯ್ದ ಮೇಲೆ ಗ್ಯಾಸೆಲ್ಲ ಹೋಗಿ, ಏಲ್ ಸಿಟ್ಟಿಳಿದವನ ಹಾಗೆ ಲೋಟದಲ್ಲಿ ಶಾಂತವಾಗಿ ಕೂತಿತು.

ಮಾಡಿದ್ದನ್ನು ಅಂಜುತ್ತಲೇ ವರದಿ ಮಾಡಿದೆ. ಲೋಟ ಸ್ಟೀಲಿನದೋ ಹಿತ್ತಾಳೆಯದೋ ಎಂದು ದೊರೆ ಮೊದಲು ಕೇಳಿದರು. ಆಮೇಲೆ ಹೇಳಿದರು: "ಪಬ್ಬಿನ ಪೀಪಾಯಿಯಿಂದ ಬರುವಾಗ ಅದು ಇರುವುದೇ ಹಾಗೆ, ಗ್ಯಾಸಿಲ್ಲದೆ. ದಯವಿಟ್ಟು ಮುಂದುವರಿಸಿ."

ನಾನು ಮೂಸಿದೆ. ಚೆನ್ನಾಗಿತ್ತು. ಕುಡಿದೆ. ಇನ್ನೂ ಚೆನ್ನಾಗಿತ್ತು. ಚೆನ್ನಾಗಿದೆ ಎನ್ನುವುದರ ಆಚೆ ನನ್ನಲ್ಲಿ ಪದವಿಲ್ಲವೆಂಬುದು ಆಗ ತಿಳಿಯಿತು. ಕಾಫಿಯಲ್ಲಿ ತಪ್ಪು ಹುಡುಕುವುದು ಬೇರೆ ವಿದ್ಯೆ.

"ನಿಂಬೆಹಣ್ಣಿನ ಸಿಪ್ಪೆ," ಎಂದಳು ಹೆಂಡತಿ, ಬಾಗಿಲಿನಿಂದ, ನೆಲ ಒರೆಸುವ ಬಟ್ಟೆ ಹಿಡಿದು.

ಕೆಂಪನೆಯದನ್ನು ಹುಯ್ದೆ. "ಮುಚ್ಚಳ ಹಾಕದೆ ಇಟ್ಟ ಜೋನಿಬೆಲ್ಲ."

ಕಂದುಬಣ್ಣದ್ದು. "ಮಳೇಲಿ ನೆಂದ ಗೋಣಿಚೀಲ. ರೀ, ಅದನ್ನ ಕುಡೀಬೇಡಿ."

ಒಂದೊಂದನ್ನೂ ನಾನು ಇಂಗ್ಲಿಷಿಗೆ ತಿರುಗಿಸಿ ಕೆಳಗೆ ಕೂಗುತ್ತಿದ್ದೆ. ಜೋನಿಬೆಲ್ಲಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಕಪ್ಪನೆಯದನ್ನು ಎತ್ತಿ ಹುಯ್ಯುವಷ್ಟರಲ್ಲಿ ಅವಳು ಒರೆಸುವುದನ್ನು ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದಳು.

"ರಾಗಿ ಹುರಿಯೋಕೆ ಇಟ್ಟು ಬಂದಿದ್ನಾ? ಸೀದು ಹೋಗ್ತಾ ಇದೆ!"

ಒಲೆ ಆರಿತ್ತು. ಬಾಣಲೆ ಕಪಾಟಿನಲ್ಲಿತ್ತು. ಅವಳು ವಾಪಸು ಬಂದು ಲೋಟವನ್ನು ದಿಟ್ಟಿಸಿ ನೋಡಿದಳು. "ಇದೇ! ಇನ್ನೇನು ಸೀಯಬೇಕು, ಅಷ್ಟರಲ್ಲಿ ಇಳಿಸಿದ ರಾಗಿ."

ರಾಗಿ ಒಂದು ಧಾನ್ಯ, ಹುರಿದರೆ ಇಂಥ ವಾಸನೆ ಎಂದು ವಿವರಿಸಿದೆ. ದೊರೆ ಅದನ್ನು ಎರಡು ಸಲ ಹೇಳಿಸಿದರು. ಆಮೇಲೆ ಹೇಳಿದರು: ಅಣ್ಣತಮ್ಮ ಇಬ್ಬರೂ ಮೊಟ್ಟಮೊದಲು ಏಲ್ ಮಾಡಿದ್ದು ಅಮ್ಮನ ಅಡುಗೆಮನೆಯಲ್ಲಿ. ಬಾರ್ಲಿಯನ್ನು ಓವನ್ನಿನಲ್ಲಿ ಇಟ್ಟು ಮರೆತಿದ್ದರು. ಇನ್ನೇನು ಸೀಯಬೇಕು ಎನ್ನುವಾಗ ಅಮ್ಮ ಬಂದು ತೆಗೆದಳು. ಕಪ್ಪು ಏಲ್ ಅದೇ.

"ಅದೇ ಉಳಿಯಲಿ ಅಂತ ನನ್ನ ಆಸೆ," ಎಂದರು. "ಅದಕ್ಕೇ ಹೇಳಲು ಹೆದರಿಕೆ. ನಾನು ಸವಿಯದೆ ಹೇಳಿದರೆ ಅದು ಬರೀ ಆಸೆಯಾಗುತ್ತದೆ."

ಕಪ್ಪು ಏಲಿನ ಲೋಟವನ್ನು ಬಟ್ಟಲಿನಲ್ಲಿ ಕೂರಿಸಿ ಲಿಫ್ಟಿನಲ್ಲಿ ಕೆಳಗೆ ಕಳಿಸಿದೆ. ಅತ್ತೆಯ ಲೋಟ ಅಷ್ಟು ದೂರ ಒಬ್ಬಂಟಿಯಾಗಿ ಪ್ರಯಾಣ ಮಾಡಿದ್ದು ಅದೇ ಮೊದಲು.

"ವಾಸನೆ?" ಎಂದು ಬಗ್ಗಿ ಕೇಳಿದೆ.

"ಇಲ್ಲ. ಏನೂ ಇಲ್ಲ." ಇನ್ನೊಂದು ಗುಟುಕು. "ಕಹಿ ಗೊತ್ತಾಗ್ತಿದೆ. ನಾಲಿಗೆಯ ಹಿಂದೆ. ಹಿಂದೆಯೇ ಸ್ವಲ್ಪ ಸಿಹಿ." ಮತ್ತೊಂದು. "ಕಹಿ ಸರಿಯಾಗಿದೆ! ಎಷ್ಟಿರಬೇಕೋ ಅಷ್ಟೇ ಇದೆ!" ಅವರು ಕಂಬಿಯನ್ನು ಕೈಯಿಂದ ಬಡಿದದ್ದು ನಮ್ಮ ಮಹಡಿಗೂ ಕೇಳಿಸಿತು.

ಹೆಂಡತಿಯ ಮೂಗು, ಅವರ ನಾಲಿಗೆ, ನನ್ನ ಕೈ. ಎರಡು ಅಂತಸ್ತು ಸೇರಿ ಒಬ್ಬ ಪರೀಕ್ಷಕ ತಯಾರಾದ.

ಅಣ್ಣನ ಫೋನು ಬಂದಾಗ ದೊರೆ ಸ್ಪೀಕರ್ ಹಾಕಿ ಎಲ್ಲವನ್ನೂ ಹೇಳಿದರು, ಜ್ವರದಿಂದ ಲೋಟದವರೆಗೆ. ಅಣ್ಣ ಮೊದಲು ಬೈದ, ಜ್ವರವನ್ನು ಮುಚ್ಚಿಟ್ಟದ್ದಕ್ಕೆ. ಆಮೇಲೆ ಕೇಳಿದ: "ಆ ಮೂಗಿನ ಹೆಂಗಸು, ಅವರು ಏನು ಕುಡಿಯುತ್ತಾರೆ?"

"ಕಾಫಿ," ಎಂದರು ದೊರೆ.

"ಹಾಗಾದರೆ ನನ್ನನ್ನು ಹೊಗಳಿ ಅವರಿಗೆ ಆಗಬೇಕಾದ್ದೇನೂ ಇಲ್ಲ."

"ಏನಂತೆ?" ಎಂದಳು ಹೆಂಡತಿ.

"ನಿನ್ನ ಮೂಗನ್ನ ನಂಬ್ತಾರಂತೆ."

"ಲೋಟ ಯಾವಾಗ ಕಳಿಸ್ತಾರಂತೆ, ಅದನ್ನ ಕೇಳಿ."

ಲೋಟ ಆ ಸಂಜೆಯೇ, ತೊಳೆದು, ಲಿಫ್ಟಿನಲ್ಲಿ ಮೇಲೆ ಬಂತು. ಅಣ್ಣ ಕಪ್ಪು ಏಲನ್ನು ಉಳಿಸಿಕೊಂಡ, ಉಳಿದ ಮೂರನ್ನು ನಿಲ್ಲಿಸಿದ.